ಮೌನಕ್ಕೊಂದು ಎಲ್ಲೆ

(ಸಂಘದ ವಾರ್ಷಿಕ ಅತಿಥಿ ಉಪನ್ಯಾಸದ ಲಿಖಿತ ರೂಪ)



ಯಂತ್ರಗಳನ್ನು ಬದಿಗಿಟ್ಟು ಬದುಕಿನ ಸರಳ ಸುಖಗಳನ್ನು ಸವಿಯುವುದರ ಬಗ್ಗೆ ಮಾತನಾಡಬೇಕೆಂದು ಸಂಘದವರು ಕೇಳಿಕೊಂಡಾಗ ನಾವು ಹಿಂಜರಿದೆವು. ಈ ವಿಷಯದಲ್ಲಿ ಉಪದೇಶ ಮಾಡುವುದು ಸುಲಭ. ಉಪದೇಶ ಮುಗಿಸಿ ವೇದಿಕೆಯಿಂದ ಇಳಿದ ಕೂಡಲೇ ಜೇಬಿಗೆ ಕೈಹಾಕಿ ಮೊಬೈಲ್ ನೋಡುವುದು ಅದಕ್ಕಿಂತಲೂ ಸುಲಭ. ನಮ್ಮಲ್ಲಿ ಹಲವರ ಅನ್ನ ಹುಟ್ಟುವುದೇ ಗಣಕಯಂತ್ರದಿಂದ. ಅದನ್ನು ಹಳಿದು ಮಾತನಾಡಿದರೆ ಉಂಡ ಮನೆಗೆ ಎರಡು ಬಗೆದಂತೆ. ಆದ್ದರಿಂದ ಇಂದು ಉಪದೇಶದ ಬದಲು ಒಂದು ಊರಿನ ವಿಚಾರವನ್ನು ತಮ್ಮ ಮುಂದಿಡುತ್ತೇವೆ. ಇಲ್ಲಿ ‘ನಾವು’ ಎಂಬುದು ಗೌರವದ ಬಹುವಚನವಲ್ಲ. ವರ್ಜೀನಿಯಾದ ಉತ್ತರ ಭಾಗದಲ್ಲಿ ನೆರೆಹೊರೆಯವರಾಗಿ ಬಾಳುತ್ತಿರುವ ಐದು ಕನ್ನಡ ಕುಟುಂಬಗಳು ಒಟ್ಟಿಗೆ ಕಂಡದ್ದನ್ನೂ ಒಟ್ಟಿಗೆ ಎಡವಿದ್ದನ್ನೂ ಹೇಳುತ್ತಿರುವುದರಿಂದ ಈ ಬಹುವಚನ.

ಗ್ರೀನ್ ಬ್ಯಾಂಕ್ ಎಂಬ ಊರು

ವಾಷಿಂಗ್ಟನ್ ನಗರದಿಂದ ಪಶ್ಚಿಮಕ್ಕೆ ಕಾರಿನಲ್ಲಿ ನಾಲ್ಕೈದು ಗಂಟೆ ಪ್ರಯಾಣ ಮಾಡಿದರೆ ವೆಸ್ಟ್ ವರ್ಜೀನಿಯಾ ರಾಜ್ಯದ ಪೋಕಹಾಂಟಸ್ ಕೌಂಟಿ ಸಿಗುತ್ತದೆ. ಅಲ್ಲಿನ ಒಂದು ಕಣಿವೆಯಲ್ಲಿ ಗ್ರೀನ್ ಬ್ಯಾಂಕ್ ಎಂಬ ಪುಟ್ಟ ಊರಿದೆ. ಸುತ್ತಲೂ ಅಲೆಘೆನಿ ಪರ್ವತಗಳು, ನಡುವೆ ಹುಲ್ಲುಗಾವಲು. ಆ ಹುಲ್ಲುಗಾವಲಿನ ಮಧ್ಯದಲ್ಲಿ ಬಿಳಿಯ ಬಣ್ಣದ ಬೃಹದಾಕಾರವೊಂದು ಆಕಾಶದತ್ತ ಬೊಗಸೆ ಒಡ್ಡಿ ನಿಂತಿದೆ. ಎಲ್ಲ ದಿಕ್ಕಿಗೂ ತಿರುಗಿಸಬಲ್ಲ ರೇಡಿಯೋ ದೂರದರ್ಶಕಗಳಲ್ಲಿ ಜಗತ್ತಿನಲ್ಲೇ ಇದು ದೊಡ್ಡದು. 2000ನೆಯ ಇಸವಿಯಲ್ಲಿ ಉದ್ಘಾಟನೆಯಾದ ಇದರ ಬೋಗುಣಿಯ ಅಗಲ 100 ಮೀಟರು, ಉದ್ದ 110 ಮೀಟರು, ಒಟ್ಟು ಎತ್ತರ ಸುಮಾರು 148 ಮೀಟರು. ಬಿಜಾಪುರದ ಗೋಳಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರು ಎಂಬುದನ್ನು ನೆನೆದರೆ ಅಂತಹ ಎರಡು ಗುಮ್ಮಟಗಳನ್ನು ಅಕ್ಕಪಕ್ಕ ಇಟ್ಟರೂ ಈ ಬೋಗುಣಿಯಲ್ಲಿ ಇನ್ನೂ ಜಾಗ ಉಳಿಯುತ್ತದೆ.

ನಾವು ಅಲ್ಲಿಗೆ ಹೋದದ್ದು 2018ರ ಅಕ್ಟೋಬರ್ ತಿಂಗಳ ಮೊದಲ ವಾರಾಂತ್ಯದಲ್ಲಿ, ಕೊಲಂಬಸ್ ದಿನದ ರಜೆಯಲ್ಲಿ. ಎಲೆಗಳ ಬಣ್ಣ ನೋಡುವುದು ಹಿರಿಯರ ಉದ್ದೇಶ, ದೂರದರ್ಶಕ ನೋಡುವುದು ಮಕ್ಕಳ ಉದ್ದೇಶ. ಹ್ಯಾರಿಸನ್‌ಬರ್ಗ್ ಪಟ್ಟಣ ದಾಟಿ ಗುಡ್ಡಗಳನ್ನು ಏರತೊಡಗಿದಂತೆ ಮೊಬೈಲುಗಳಲ್ಲಿ ಸಂಕೇತದ ಗೆರೆಗಳು ಒಂದೊಂದಾಗಿ ಅಳಿದುಹೋದವು. ಹಿಂದಿನ ಆಸನದಲ್ಲಿದ್ದ ಮಕ್ಕಳು ಮೊದಲು ಗಾಬರಿಗೊಂಡರು, ಅನಂತರ ಮುನಿಸಿಕೊಂಡರು, ಕೊನೆಗೆ ನಿದ್ದೆಹೋದರು. ಇದು ಗುಡ್ಡಗಾಡಿನ ಆಕಸ್ಮಿಕ ತೊಂದರೆಯೆಂದು ಅವರು ತಿಳಿದಿದ್ದರು. ಅಲ್ಲಿನ ಮೌನ ಉದ್ದೇಶಪೂರ್ವಕವಾಗಿ ಕಾಯ್ದುಕೊಂಡು ಬಂದ ಮೌನವೆಂಬುದು ಊರು ತಲುಪಿದ ಮೇಲಷ್ಟೇ ಅವರಿಗೆ ತಿಳಿಯಿತು.

ಪಿಸುಮಾತು ಮತ್ತು ಕೂಗಾಟ

ಈ ಮೌನ ಏಕೆ ಬೇಕಾಯಿತು? ಶಾಲೆಯ ದಿನಗಳಲ್ಲಿ ಬಿಜಾಪುರಕ್ಕೆ ಪ್ರವಾಸ ಹೋದವರು ಇಲ್ಲಿ ಅನೇಕರಿರಬಹುದು. 1656ರಲ್ಲಿ ಮುಗಿದ ಆ ಕಟ್ಟಡದ ಮೇಲಿನ ಮೊಗಸಾಲೆಯಲ್ಲಿ ಒಂದು ಬದಿಯ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಎದುರು ಬದಿಯಲ್ಲಿ ಕಿವಿಯಿಟ್ಟವರಿಗೆ ಸ್ಪಷ್ಟವಾಗಿ ಕೇಳಿಸುತ್ತದೆಂದು ಮೇಷ್ಟರು ಹೇಳಿರುತ್ತಾರೆ. ಆದರೆ ನಮ್ಮ ಅನುಭವವೇನು? ಇಡೀ ತರಗತಿ ಏಕಕಾಲಕ್ಕೆ ಕೂಗುತ್ತದೆ, ಚಪ್ಪಾಳೆ ತಟ್ಟುತ್ತದೆ, ಗುಮ್ಮಟ ಆ ಗದ್ದಲವನ್ನು ಮತ್ತೆ ಮತ್ತೆ ಹಿಂದಿರುಗಿಸುತ್ತದೆ. ಪಿಸುಮಾತು ಯಾರಿಗೂ ಕೇಳುವುದಿಲ್ಲ. ಗೋಡೆ ಕೆಟ್ಟಿಲ್ಲ, ಕಿವಿಯೂ ಕೆಟ್ಟಿಲ್ಲ. ಪಿಸುಮಾತು ಗೋಡೆಯುದ್ದಕ್ಕೂ ಹರಿದು ಎದುರು ಬದಿಗೆ ತಲುಪಿಯೇ ಇರುತ್ತದೆ. ಕೂಗಿನಲ್ಲಿ ಅದು ಮುಳುಗಿದೆ, ಅಷ್ಟೆ.

ಗ್ರೀನ್ ಬ್ಯಾಂಕಿನ ಸಮಸ್ಯೆಯೂ ಇದೇ. ನಕ್ಷತ್ರಗಳೂ ಅವುಗಳ ನಡುವಣ ಅನಿಲದ ಮೋಡಗಳೂ ಬೆಳಕಿನಂತೆಯೇ ರೇಡಿಯೋ ತರಂಗಗಳನ್ನೂ ಹೊರಸೂಸುತ್ತವೆ. ಅಷ್ಟು ದೂರದಿಂದ ಬರುವಷ್ಟರಲ್ಲಿ ಅವು ಊಹೆಗೂ ನಿಲುಕದಷ್ಟು ಕ್ಷೀಣವಾಗಿರುತ್ತವೆ. ಎಷ್ಟು ಕ್ಷೀಣವೆಂದರೆ, ಚಂದ್ರನ ಮೇಲೆ ಒಂದು ಸಾಧಾರಣ ಮೊಬೈಲನ್ನು ಇರಿಸಿ ಚಾಲೂ ಮಾಡಿದರೆ ಅದು ಈ ದೂರದರ್ಶಕಕ್ಕೆ ಆಕಾಶದ ಪ್ರಬಲ ರೇಡಿಯೋ ಮೂಲಗಳಲ್ಲೊಂದಾಗಿ ಕಾಣಿಸುತ್ತದೆ. ಹಾಗಿರುವಾಗ ಪಕ್ಕದ ಮನೆಯ ಮೊಬೈಲು ಮಾಡುವ ಹಾವಳಿ ಎಂತಹುದೆಂದು ಬೇರೆ ಹೇಳಬೇಕಾಗಿಲ್ಲ.

ಈ ವಿಜ್ಞಾನ ಹುಟ್ಟಿದ್ದೇ ದೂರವಾಣಿಯ ದೆಸೆಯಿಂದ ಎಂಬುದು ಸ್ವಾರಸ್ಯದ ಸಂಗತಿ. 1930ರ ದಶಕದ ಆರಂಭದಲ್ಲಿ ನ್ಯೂಜೆರ್ಸಿಯ ಹೋಮ್‌ಡೆಲ್‌ನಲ್ಲಿ ಬೆಲ್ ಪ್ರಯೋಗಾಲಯದ ಎಂಜಿನಿಯರ್ ಕಾರ್ಲ್ ಜಾನ್ಸ್ಕಿ ಎಂಬವರಿಗೆ ಒಂದು ಕೆಲಸ ವಹಿಸಲಾಗಿತ್ತು. ಅಟ್ಲಾಂಟಿಕ್ ಸಾಗರದಾಚೆಗಿನ ರೇಡಿಯೋ ದೂರವಾಣಿ ಕರೆಗಳಲ್ಲಿ ಕೇಳಿಬರುತ್ತಿದ್ದ ಕರಕರ ಸದ್ದಿನ ಮೂಲವನ್ನು ಅವರು ಹುಡುಕಬೇಕಾಗಿತ್ತು. ಚಕ್ರಗಳ ಮೇಲೆ ಸುತ್ತುವ ಒಂದು ದೊಡ್ಡ ಆಂಟೆನಾ ಕಟ್ಟಿ ಅವರು ಆಲಿಸಿದರು. ಕೇಳಿದ ಸದ್ದಿನಲ್ಲಿ ಒಂದು ಪಾಲು ಹತ್ತಿರದ ಗುಡುಗು ಮಿಂಚಿನದು, ಇನ್ನೊಂದು ಪಾಲು ದೂರದ ಗುಡುಗು ಮಿಂಚಿನದು. ಇವೆರಡನ್ನೂ ಕಳೆದ ಮೇಲೂ ತೀರ ಸಣ್ಣದಾದ, ಎಡೆಬಿಡದ ಒಂದು ಸುಯ್ಯೆಂಬ ಸದ್ದು ಉಳಿಯಿತು. ಅದು 23 ಗಂಟೆ 56 ನಿಮಿಷಗಳಿಗೊಮ್ಮೆ ಏರುತ್ತಿತ್ತು. ಸೂರ್ಯನ ದಿನವಾದರೆ 24 ಗಂಟೆ ಇರಬೇಕು. ನಾಲ್ಕು ನಿಮಿಷ ಕಡಿಮೆಯಾದದ್ದು ನಕ್ಷತ್ರಗಳ ದಿನ. ಹಾಗಾದರೆ ಸದ್ದು ಭೂಮಿಯದಲ್ಲ, ಸೂರ್ಯನದೂ ಅಲ್ಲ. ನಮ್ಮ ಆಕಾಶಗಂಗೆಯ ಕಡೆಯಿಂದ, ಅದರಲ್ಲೂ ಧನುರಾಶಿಯ ದಿಕ್ಕಿನಿಂದ ಬರುತ್ತಿದೆಯೆಂದು 1933ರಲ್ಲಿ ಅವರು ಪ್ರಕಟಿಸಿದರು. ಕರೆಗೆ ತೊಡಕಾದ ಸದ್ದನ್ನು ಹುಡುಕಹೊರಟವರಿಗೆ ಹೊಸದೊಂದು ಆಕಾಶವೇ ದೊರೆಯಿತು. ಅವರ ಆಂಟೆನಾದ ಪ್ರತಿಕೃತಿಯೊಂದನ್ನು ಇಂದಿಗೂ ಗ್ರೀನ್ ಬ್ಯಾಂಕಿನಲ್ಲಿ ನೋಡಬಹುದು.

ಇಂತಹ ಮೌನದ ಅಗತ್ಯ ನಮ್ಮ ನಾಡಿಗೂ ಹೊಸದಲ್ಲ. ಬೆಂಗಳೂರಿನಿಂದ ಉತ್ತರಕ್ಕೆ ಸುಮಾರು 100 ಕಿಲೋಮೀಟರು ದೂರದ ಗೌರಿಬಿದನೂರಿನ ಬಳಿ 1976ರಿಂದ ಒಂದು ರೇಡಿಯೋ ವೀಕ್ಷಣಾಲಯವಿದೆ. ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆಗಳು ಸೇರಿ ಕಟ್ಟಿದ ಅಲ್ಲಿನ ಮೊದಲ ದೂರದರ್ಶಕ ಬೋಗುಣಿಯಂತಿರಲಿಲ್ಲ. ಸಾವಿರ ಆಂಟೆನಾಗಳನ್ನು ನೆಲದ ಮೇಲೆ ಇಂಗ್ಲಿಷಿನ ‘ಟಿ’ ಅಕ್ಷರದಾಕಾರದಲ್ಲಿ ಸಾಲಾಗಿ ಹೂಡಿದ್ದರು. ಅದರ ಪೂರ್ವ-ಪಶ್ಚಿಮ ತೋಳು 1.4 ಕಿಲೋಮೀಟರು ಉದ್ದ. ನಮ್ಮ ತಂಡದಲ್ಲಿ ಆ ಸೀಮೆಯವರೊಬ್ಬರಿದ್ದರು. ಬಾಲ್ಯದಲ್ಲಿ ಆ ಕಂಬ ತಂತಿಗಳನ್ನು ದೂರದಿಂದ ಕಂಡು, ಯಾರೋ ದೊಡ್ಡ ಸಾಹುಕಾರರು ಬಟ್ಟೆ ಒಣಹಾಕಲು ಹಾಕಿಸಿದ್ದಾರೆಂದು ತಾವು ತಿಳಿದಿದ್ದುದಾಗಿ ಅವರು ಹೇಳಿ ನಮ್ಮನ್ನೆಲ್ಲ ನಗಿಸಿದರು.

ಮೌನವನ್ನು ಕಾಯುವ ಬಗೆ

ಗ್ರೀನ್ ಬ್ಯಾಂಕಿನಲ್ಲಿ ನಮಗೆ ದೂರದರ್ಶಕಕ್ಕಿಂತ ಹೆಚ್ಚು ವಿಸ್ಮಯ ತಂದದ್ದು ಆ ಮೌನವನ್ನು ಕಾಪಾಡುವ ವ್ಯವಸ್ಥೆ. 1956ರಲ್ಲಿ ವೆಸ್ಟ್ ವರ್ಜೀನಿಯಾ ರಾಜ್ಯ ಒಂದು ಕಾನೂನು ಮಾಡಿ, ವೀಕ್ಷಣಾಲಯದ ಸುತ್ತ ಹತ್ತು ಮೈಲಿಯೊಳಗೆ ಅದಕ್ಕೆ ತೊಡಕಾಗುವ ವಿದ್ಯುತ್ ಉಪಕರಣಗಳನ್ನು ನಿರ್ಬಂಧಿಸಿತು. 1958ರಲ್ಲಿ ಕೇಂದ್ರ ಸರ್ಕಾರ ಸುಮಾರು 13,000 ಚದರ ಮೈಲಿ ಪ್ರದೇಶವನ್ನು ರಾಷ್ಟ್ರೀಯ ರೇಡಿಯೋ ಮೌನ ವಲಯವೆಂದು ಘೋಷಿಸಿತು. ವಲಯದೊಳಗೆ ಪ್ರಸಾರ ಗೋಪುರ ನಿಲ್ಲಿಸುವವರು ವೀಕ್ಷಣಾಲಯದೊಡನೆ ಸಮಾಲೋಚಿಸಿ, ಶಕ್ತಿಯನ್ನೂ ದಿಕ್ಕನ್ನೂ ಹೊಂದಿಸಿಕೊಳ್ಳಬೇಕು.

ಈ ವ್ಯವಸ್ಥೆಯಲ್ಲಿ ಮೂರು ಅಂಶಗಳು ನಮ್ಮ ಮನಸ್ಸಿಗೆ ನಾಟಿದವು.

ಮೊದಲನೆಯದು, ಕಾಯುವವರು ತಮ್ಮ ಗದ್ದಲವನ್ನು ಮೊದಲು ಕಟ್ಟಿಹಾಕಿದ್ದಾರೆ. ವೀಕ್ಷಣಾಲಯದಲ್ಲಿ ಗಣಕಯಂತ್ರಗಳಿಗೆ ಕೊರತೆಯಿಲ್ಲ. ಆದರೆ ಅವುಗಳ ಕೋಣೆಗೆ ಲೋಹದ ಹೊದಿಕೆಯುಂಟು. ಒಳಗಿನ ತರಂಗ ಹೊರಗೆ ಹೋಗದಂತೆ ತಡೆಯುವ ಈ ಲೋಹದ ಪಂಜರದ ತತ್ತ್ವವನ್ನು ಮೈಕೆಲ್ ಫ್ಯಾರಡೆ 1836ರಲ್ಲಿಯೇ ತೋರಿಸಿಕೊಟ್ಟಿದ್ದರು. ದೂರದರ್ಶಕದ ಸಮೀಪಕ್ಕೆ ಡೀಸೆಲ್ ವಾಹನಗಳಷ್ಟೇ ಹೋಗುತ್ತವೆ, ಏಕೆಂದರೆ ಪೆಟ್ರೋಲ್ ಎಂಜಿನ್ನಿನ ಕಿಡಿ ಕೂಡ ರೇಡಿಯೋ ಗದ್ದಲವನ್ನುಂಟುಮಾಡುತ್ತದೆ. ನಾವು ಹೋದಾಗ ಬಸ್ಸು ಹತ್ತುವ ಮುನ್ನ ಮೊಬೈಲು, ಡಿಜಿಟಲ್ ಕ್ಯಾಮೆರಾ ಎಲ್ಲವನ್ನೂ ಆರಿಸಿ ಇಡಬೇಕಾಯಿತು. ಹಳೆಯ ಕಾಲದ ರೀಲಿನ ಕ್ಯಾಮೆರಾಕ್ಕೆ ಮಾತ್ರ ಅಪ್ಪಣೆಯಿತ್ತು. ಹತ್ತು ವರ್ಷದ ಹುಡುಗನೊಬ್ಬ ಜೀವನದಲ್ಲಿ ಮೊದಲ ಬಾರಿ ಅಂತಹ ಕ್ಯಾಮೆರಾ ಹಿಡಿದು, ಚಿತ್ರ ತೆಗೆದೊಡನೆ ಅದರ ಹಿಂಬದಿಯನ್ನು ತಿರುಗಿಸಿ ತಿರುಗಿಸಿ ಹುಡುಕಿದ.

ಎರಡನೆಯದು, ಕಾಯುವ ಕೆಲಸ ಒಂದು ದಿನದ್ದಲ್ಲ. ಬಹುಕಾಲ ಅಲ್ಲಿ ಆಂಟೆನಾ ಹೊತ್ತ ಒಂದು ಮೋಟಾರು ಗಾಡಿ ಊರ ರಸ್ತೆಗಳಲ್ಲಿ ಸುತ್ತಿ ಗದ್ದಲದ ಮೂಲವನ್ನು ಪತ್ತೆಹಚ್ಚುತ್ತಿತ್ತು. ಕೆಟ್ಟುಹೋದ ವಿದ್ಯುತ್ ಕಂಬಳಿ, ಸಡಿಲವಾದ ತಂತಿ, ಇಂತಹವೇ ಹೆಚ್ಚಿನ ಅಪರಾಧಿಗಳು. ಹಲವು ವೇಳೆ ಸಿಬ್ಬಂದಿಯೇ ಅವನ್ನು ಸರಿಪಡಿಸಿಕೊಟ್ಟದ್ದುಂಟು. ಇಷ್ಟಾದರೂ ಮೌನ ಸಂಪೂರ್ಣವೇನಲ್ಲ. ಇತ್ತೀಚಿನ ವರ್ಷಗಳಲ್ಲಿ ಅಲ್ಲಿನ ಅನೇಕ ಮನೆಗಳಿಗೂ ವೈಫೈ ನುಸುಳಿದೆ. ಕಾನೂನಿನ ಬೆಂಬಲವಿರುವ ಊರಿನಲ್ಲೇ ಹೀಗಾದರೆ, ಬರಿಯ ಮನೋಬಲ ನೆಚ್ಚಿದ ನಮ್ಮ ಮನೆಗಳ ಪಾಡೇನು?

ಮೂರನೆಯದು ಬಹಳ ಮುಖ್ಯವಾದುದು. ಮೌನ ವಲಯವೆಂದರೆ ಸಂಪರ್ಕವಿಲ್ಲದ ಕಾಡಲ್ಲ. ಅಲ್ಲಿನ ಮನೆಗಳಲ್ಲಿ ತಂತಿಯ ದೂರವಾಣಿಯಿತ್ತು, ತಂತಿಯ ಮೂಲಕ ಬರುವ ಅಂತರಜಾಲವೂ ಬಂತು. ಕರೆ ಬೇಕಾದವರಿಗೆ ಬೇಕಾದ ದಾರಿಯಲ್ಲಿ ತಲುಪುತ್ತಿತ್ತು. ತಂತಿಯೊಳಗೆ ಹರಿಯುವ ಮಾತು ಒಬ್ಬರಿಗೆ ಮಾತ್ರ ಕೇಳುತ್ತದೆ, ಗಾಳಿಯಲ್ಲಿ ಚೆಲ್ಲಿದ ಮಾತು ಎಲ್ಲರ ಮೇಲೂ ಬೀಳುತ್ತದೆ. ಯಂತ್ರ ಇರಬೇಕೇ ಬೇಡವೇ ಎಂಬ ಪ್ರಶ್ನೆಯನ್ನು ಆ ಊರು ಕೇಳಿಕೊಳ್ಳಲಿಲ್ಲ. ಜಗತ್ತಿನ ಅತಿ ಸೂಕ್ಷ್ಮ ಯಂತ್ರಗಳಲ್ಲೊಂದು ಇರುವುದೇ ಅಲ್ಲಿ. ಯಾವುದನ್ನು ಕೇಳಿಸಿಕೊಳ್ಳಬೇಕು, ಅದಕ್ಕಾಗಿ ಯಾವುದನ್ನು ಎಲ್ಲಿ ನಿಲ್ಲಿಸಬೇಕು, ಇಷ್ಟನ್ನೇ ಅದು ನಿರ್ಧರಿಸಿತು.

ಆ ರಾತ್ರಿ

ನಮ್ಮೊಡನೆ ಆ ಪ್ರವಾಸದಲ್ಲಿ ಒಬ್ಬ ಅಜ್ಜಿ ಇದ್ದರು. ನಮ್ಮಲ್ಲೊಬ್ಬರ ತಾಯಿ, ಆಗ 78 ವರ್ಷ, ಆರು ತಿಂಗಳ ವೀಸಾದ ಮೇಲೆ ಬಂದಿದ್ದರು. ಬಂದು ನಾಲ್ಕು ತಿಂಗಳಾಗಿತ್ತು. ಹೇಗಿದ್ದೀರಿ ಎಂದು ಯಾರೋ ವಿಚಾರಿಸಿದಾಗ, “ಮನೆ ತುಂಬ ಜನ ಇದ್ದಾರೆ, ಮಾತಿಗೆ ಒಬ್ಬರೂ ಇಲ್ಲ” ಎಂದಿದ್ದರು. ದೂರಿನ ದನಿಯಲ್ಲಿ ಹೇಳಿದ್ದಲ್ಲ, ಹವಾಮಾನ ಹೇಳುವಂತೆ ಹೇಳಿದ್ದು. ನಾವದನ್ನು ಕೇಳಿ ನಕ್ಕು ಮರೆತಿದ್ದೆವು.

ಅಕ್ಟೋಬರ್ 7ರ ರಾತ್ರಿ ನಾವು ಬಾಡಿಗೆಗೆ ಹಿಡಿದ ಮರದ ಮನೆಯಲ್ಲಿ ಊಟ ಮುಗಿಯಿತು. ಮಕ್ಕಳು ಮಾಡುವುದೇನೂ ತೋಚದೆ ಒಂದು ಕೋಣೆಯಿಂದ ಇನ್ನೊಂದಕ್ಕೆ ಅಲೆದರು. ಆ ಅರ್ಧ ಗಂಟೆ ದೊಡ್ಡವರಾದ ನಮಗೂ ಹಿಂಸೆಯೇ ಆಗಿತ್ತು. ಕೈ ತಾನಾಗಿಯೇ ಜೇಬಿಗೆ ಹೋಗಿ ಬರಿದಾಗಿ ಹಿಂದಿರುಗುತ್ತಿತ್ತು. ಕೊನೆಗೆ ಯಾರೋ ಹೊರಗಿನ ದೀಪವನ್ನೂ ಆರಿಸಿದರು. ಎಲ್ಲರೂ ಜಮಖಾನೆ ಹೊದ್ದು ಹುಲ್ಲಿನ ಮೇಲೆ ಕುಳಿತೆವು. ಕಣ್ಣು ಕತ್ತಲೆಗೆ ಹೊಂದಿಕೊಂಡಂತೆ ಆಕಾಶಗಂಗೆ ನೆತ್ತಿಯಿಂದ ನೈಋತ್ಯದ ಗುಡ್ಡದವರೆಗೆ ಮೆಲ್ಲಗೆ ಮೂಡಿತು. ಜಾನ್ಸ್ಕಿ ಆಲಿಸಿದ ಧನುರಾಶಿ ಆ ಗುಡ್ಡದ ಅಂಚಿನಲ್ಲಿ ಮುಳುಗುತ್ತಿತ್ತು.

“ನಾಳೆ ಮಹಾಲಯ ಅಮಾವಾಸ್ಯೆ. ಕತ್ತಲೆ ಇಷ್ಟಿರಲೇಬೇಕು” ಎಂದರು ಅಜ್ಜಿ. ಪಂಚಾಂಗ ನೋಡಿ ಹೇಳಿದ್ದಲ್ಲ. ಮೂಡಣದಲ್ಲಿ ಕೃತ್ತಿಕೆ ಮೇಲೇರುವವರೆಗೂ ಕುಳಿತಿದ್ದು, ತಮ್ಮ ಕಣ್ಣಿಗೆ ಅದು ಮಸುಕೆಂದು ಹೇಳಿ, ಅದರಲ್ಲಿ ಎಷ್ಟು ಚುಕ್ಕೆ ಕಾಣುತ್ತವೆಂದು ಮೊಮ್ಮಗಳನ್ನು ಎಣಿಸಹೇಳಿದರು. ಹುಡುಗಿ ಐದೆಂದಳು, ಆಮೇಲೆ ಆರೆಂದಳು. ತಾವು ಚಿಕ್ಕವರಿದ್ದಾಗ ಬೇಸಿಗೆಯ ರಾತ್ರಿಗಳಲ್ಲಿ ಮನೆಮಂದಿಯೆಲ್ಲ ಅಂಗಳದಲ್ಲಿ ಮಲಗುತ್ತಿದ್ದುದನ್ನೂ, ಚುಕ್ಕೆ ನೋಡಿ ಹೊತ್ತು ಹೇಳುತ್ತಿದ್ದ ತಮ್ಮ ಅಜ್ಜನನ್ನೂ ಅವರು ನೆನೆದರು. ಆಗ ಆ ಹನ್ನೆರಡು ವರ್ಷದ ಹುಡುಗಿ, “ಅಂಗಳ ಅಂದರೆ ಏನು ಅಜ್ಜಿ?” ಎಂದು ಕೇಳಿದಳು.

ನಾವು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡೆವು. ಆ ಮಗು ಕನ್ನಡ ಶಾಲೆಗೆ ಐದು ವರ್ಷ ಹೋಗಿತ್ತು. ವರ್ಣಮಾಲೆ ಬಲ್ಲಳು, ರಾಜ್ಯೋತ್ಸವದಲ್ಲಿ ಹಾಡಿದ್ದಳು. ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರಿಸುವುದು ಅವಳ ರೂಢಿ. ತಾನಾಗಿ, ತನಗೆ ತಿಳಿಯಬೇಕೆಂಬ ಆಸೆಯಿಂದ ಕನ್ನಡದಲ್ಲಿ ಒಂದು ಪ್ರಶ್ನೆ ಕೇಳಿದ್ದು ಅದೇ ಮೊದಲು. ಅಂಗಳವೆಂದರೇನೆಂದು ವಿವರಿಸಲು ಅಜ್ಜಿಗೆ ಒಂದು ಗಂಟೆ ಹಿಡಿಯಿತು. ಸಾರಣೆ, ರಂಗೋಲಿ, ಒಕ್ಕಣೆ, ತುಳಸಿಕಟ್ಟೆ, ಮದುವೆಯ ಚಪ್ಪರ, ಹೆಣ ಇಡುವ ಜಾಗ, ಎಲ್ಲವೂ ಬಂದವು. ಆ ಒಂದು ಗಂಟೆಯಲ್ಲಿ ಯಾರೂ ಎದ್ದು ಹೋಗಲಿಲ್ಲ.

ನಮ್ಮ ಮನೆಯ ಗದ್ದಲ

ಹಿಂದಿರುಗುವ ದಾರಿಯಲ್ಲಿ ನಾವು ಚರ್ಚಿಸಿದ ಪ್ರಶ್ನೆ ಇದು. ಅಜ್ಜಿ ನಾಲ್ಕು ತಿಂಗಳಿಂದ ನಮ್ಮ ನಡುವೆಯೇ ಇದ್ದರು, ಅವರ ನೆನಪುಗಳೂ ಇದ್ದವು, ಮಗುವಿನ ಕುತೂಹಲವೂ ಇತ್ತು. ಮತ್ತೇಕೆ ಈ ಮಾತು ಮನೆಯಲ್ಲಿ ಹುಟ್ಟಲಿಲ್ಲ? ಗೋಳಗುಮ್ಮಟದ ಉತ್ತರವೇ ಇಲ್ಲಿಯೂ ಸಲ್ಲುತ್ತದೆ. ಪಿಸುಮಾತು ಇತ್ತು, ಕೂಗಿನಲ್ಲಿ ಮುಳುಗಿತ್ತು.

ಸರಳ ಸುಖಗಳೆಲ್ಲ ಕ್ಷೀಣ ಸಂಕೇತಗಳು. ಒಗ್ಗರಣೆಯಲ್ಲಿ ಸಾಸಿವೆ ಸಿಡಿಯುವ ಸದ್ದು, ಮಳೆ ಬಂದಾಗ ಏಳುವ ಮಣ್ಣಿನ ವಾಸನೆ, ಮಗುವಿನ ಅರ್ಧ ಪ್ರಶ್ನೆ, ವೃದ್ಧರ ನಿಧಾನದ ನೆನಪು, ಇವು ಯಾವುವೂ ನಮ್ಮ ಗಮನವನ್ನು ಕಸಿದುಕೊಳ್ಳುವುದಿಲ್ಲ. ಕಾದು ಕುಳಿತರೆ ಬರುತ್ತವೆ, ಕಾಯದಿದ್ದರೆ ಬಂದದ್ದು ತಿಳಿಯದಂತೆ ಹೋಗುತ್ತವೆ. ಇವುಗಳ ಎದುರು ನಿಂತಿರುವ ಗದ್ದಲ ಆಕಸ್ಮಿಕವಾದುದಲ್ಲ, ಕುಶಲ ಎಂಜಿನಿಯರುಗಳು ಯೋಚಿಸಿ ಕಟ್ಟಿದ್ದು.

ಅದರ ಕೀಲನ್ನು ಸ್ವಲ್ಪ ನೋಡೋಣ. 1950ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ ಒಂದು ವಿಚಿತ್ರ ಕಂಡುಬಂದಿತ್ತು. ಗುಂಡಿ ಕುಟುಕಿದಾಗ ಕಾಳು ಲೆಕ್ಕದ ಪ್ರಕಾರ ಬರುವುದಕ್ಕಿಂತ, ಯಾವಾಗ ಬರುವುದೆಂದು ತಿಳಿಯದಂತೆ ಬಂದರೆ ಹಕ್ಕಿ ಹೆಚ್ಚು ಹಟದಿಂದ ಕುಟುಕುತ್ತದೆ. ಜೂಜಿನ ಯಂತ್ರದ ಗುಟ್ಟೂ ಇದೇ. ನಮ್ಮ ಫೋನು ಕೂಡ ಪ್ರತಿ ಸಲವೂ ಸುದ್ದಿ ಕೊಡುವುದಿಲ್ಲ. ಹತ್ತು ಬಾರಿ ಏನೂ ಇಲ್ಲ, ಹನ್ನೊಂದನೆಯ ಬಾರಿ ಅಕ್ಕನ ಮಗಳ ನಿಶ್ಚಿತಾರ್ಥದ ಚಿತ್ರ! ಆ ಹನ್ನೊಂದನೆಯದಕ್ಕಾಗಿ ನಾವು ಕುಟುಕುತ್ತಲೇ ಇರುತ್ತೇವೆ. ಇದರ ಮೇಲೆ, 2006ರಲ್ಲಿ ಆಜಾ ರಾಸ್ಕಿನ್ ಎಂಬ ವಿನ್ಯಾಸಕರು ಪುಟಕ್ಕೆ ಕೊನೆಯೇ ಇಲ್ಲದಂತೆ ಉರುಳುತ್ತ ಹೋಗುವ ವಿಧಾನವನ್ನು ರೂಪಿಸಿದರು. ಅದರ ಪರಿಣಾಮ ಕಂಡು ಮುಂದೆ ಅವರೇ ವಿಷಾದಪಟ್ಟರು. ನಮ್ಮ ಊಟದ ಪಂಕ್ತಿಯಲ್ಲಿ ಮೊಸರನ್ನ ಬಂತೆಂದರೆ ಊಟ ಮುಗಿಯಿತೆಂದು ಹೊಟ್ಟೆಗೂ ಮನಸ್ಸಿಗೂ ತಿಳಿಯುತ್ತದೆ. ಮೊಸರನ್ನವೇ ಬಾರದ ಪಂಕ್ತಿಯಲ್ಲಿ ಕುಳಿತವನು ಏಳುವುದಾದರೂ ಯಾವಾಗ?

ಆರಿಸಿಟ್ಟ ಫೋನಿನಿಂದಲೂ ತೊಡಕುಂಟೆಂದು ತೋರಿಸಿದ ಪ್ರಯೋಗವೊಂದಿದೆ. 2017ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರಕಟಿಸಿದಂತೆ, ಗಮನವನ್ನು ಬೇಡುವ ಪರೀಕ್ಷೆಗಳಲ್ಲಿ ಫೋನನ್ನು ಬೇರೆ ಕೋಣೆಯಲ್ಲಿ ಬಿಟ್ಟು ಬಂದವರು ಮೇಜಿನ ಮೇಲೆ ಇರಿಸಿಕೊಂಡವರಿಗಿಂತ ಚೆನ್ನಾಗಿ ಮಾಡಿದರು. ನಂತರದ ಪ್ರಯೋಗಗಳೆಲ್ಲ ಅಷ್ಟೇ ಸ್ಪಷ್ಟವಾದ ಫಲ ಕೊಡಲಿಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ಆದರೆ ಅರ್ಥಶಾಸ್ತ್ರಜ್ಞ ಹರ್ಬರ್ಟ್ ಸೈಮನ್ 1971ರಲ್ಲಿಯೇ ಮಂಡಿಸಿದ ವಿಚಾರವನ್ನು ಅಲ್ಲಗಳೆಯುವುದು ಕಷ್ಟ: ಸುದ್ದಿ ಸಮೃದ್ಧವಾದಷ್ಟೂ ಗಮನಕ್ಕೆ ಬಡತನ ಬರುತ್ತದೆ, ಏಕೆಂದರೆ ಸುದ್ದಿ ತಿನ್ನುವುದು ಗಮನವನ್ನೇ.

ಎಲ್ಲೆ ಹಾಕಿಕೊಂಡ ಬಗೆ

ಊರಿಗೆ ಮರಳಿದ ಉತ್ಸಾಹದಲ್ಲಿ ಐದು ಮನೆಯವರೂ ಶುಕ್ರವಾರ ಸಂಜೆ ಫೋನು ಮುಟ್ಟಬಾರದೆಂದು ಪ್ರತಿಜ್ಞೆ ಮಾಡಿದೆವು. ಅದು ಮೂರು ವಾರ ನಡೆಯಿತು. ಮುರಿದವರು ಮಕ್ಕಳಲ್ಲ, ನಾವೇ. ಕಚೇರಿಯ ಸಂದೇಶವೊಂದನ್ನು ಸ್ನಾನದ ಮನೆಯಲ್ಲಿ ನಿಂತು ಓದುತ್ತಿದ್ದ ತಂದೆಯನ್ನು ಮಗ ಹಿಡಿದುಹಾಕಿದ. ಅಲ್ಲಿಗೆ ನೈತಿಕ ಅಧಿಕಾರ ಮುಗಿಯಿತು.

ಎರಡನೆಯ ಬಾರಿ ಗ್ರೀನ್ ಬ್ಯಾಂಕಿನ ಮೂರು ಅಂಶಗಳನ್ನೂ ಅನುಸರಿಸಿದೆವು. ಮೊದಲಿಗೆ, ಹಿರಿಯರ ಗದ್ದಲಕ್ಕೆ ಪಂಜರ. ಚಕ್ಕುಲಿ ತುಂಬುವ ಹಳೆಯ ಸ್ಟೀಲಿನ ಡಬ್ಬದಲ್ಲಿ ಮೊದಲು ತಂದೆ ತಾಯಿಯರ ಫೋನು, ಆಮೇಲೆ ಮಕ್ಕಳದು. ಡಬ್ಬ ಇರುವುದು ಗ್ಯಾರೇಜಿನಲ್ಲಿ. ಎರಡನೆಯದಾಗಿ, ಎಲ್ಲ ಮನೆಗಳಿಗೂ ಒಂದೇ ಹೊತ್ತು, ಆರರಿಂದ ಒಂಬತ್ತು. ನಮಗೆ ಅತಿ ಹೆಚ್ಚು ಸಂದೇಶ ಕಳುಹಿಸುವವರು ನಮ್ಮ ಗೆಳೆಯರೇ ತಾನೆ? ಅವರೂ ಸುಮ್ಮನಿದ್ದಾರೆಂದು ತಿಳಿದ ಮೇಲೆ ಚಡಪಡಿಕೆ ಅರ್ಧವಾಯಿತು. ಮೌನ ಒಬ್ಬರಿಂದ ಸಾಗುವ ವ್ರತವಲ್ಲ. ನೆರೆಯವರೂ ಒಪ್ಪಿದರೆ ಉಳಿಯುವ ವಲಯ.

ಮೂರನೆಯದಾಗಿ, ಒಂದು ತಂತಿ ಉಳಿಸಿಕೊಂಡೆವು. ಇದನ್ನು ಒತ್ತಿ ಹೇಳಬೇಕು. ವಿದೇಶದಲ್ಲಿರುವ ನಮಗೆ ಫೋನು ಬರಿಯ ಆಟಿಕೆಯಲ್ಲ. ನೀಲಿ ಏರೋಗ್ರಾಂ ಕಾಗದಕ್ಕೆ ಎರಡು ವಾರ ಕಾದವರು, ಕಾಲಿಂಗ್ ಕಾರ್ಡಿನ ನಿಮಿಷಗಳನ್ನು ಎಣಿಸುತ್ತ ಅಮ್ಮನೊಡನೆ ಮಾತನಾಡಿದವರು ಈ ಸಭೆಯಲ್ಲಿದ್ದಾರೆ. ಊರಿನಲ್ಲಿ ವೃದ್ಧ ತಂದೆ ತಾಯಿಯರನ್ನು ಬಿಟ್ಟು ಬಂದವರಿಗೆ ನಡುರಾತ್ರಿಯ ಕರೆಯ ಭಯ ಏನೆಂದು ಗೊತ್ತು. ಅವರಿಗೆ ಫೋನು ಆರಿಸಿಡಿ ಎಂದು ಹೇಳುವುದು ನಿರ್ದಯೆ. ಆದ್ದರಿಂದ ಮನೆಗೊಂದು ಫೋನನ್ನು ಅಡುಗೆಮನೆಯ ಗೋಡೆಯ ಬಳಿ ಇಟ್ಟೆವು. ಆಯ್ದ ನಾಲ್ಕಾರು ಸಂಖ್ಯೆಗಳಿಂದ ಬಂದ ಕರೆ ಮಾತ್ರ ಅದರಲ್ಲಿ ಮೊಳಗುತ್ತದೆ. ಈ ಏರ್ಪಾಡು ಈಗಿನ ಎಲ್ಲ ಫೋನುಗಳಲ್ಲೂ ಇದೆ. ಆ ಕರೆ ಬಂದೇ ಬರುತ್ತದೆಂಬ ಭರವಸೆ ಇದ್ದುದರಿಂದಲೇ ಉಳಿದ ಮೌನ ಹಗುರವಾಯಿತು.

ಇದರಿಂದ ಮನೆಗಳು ನಂದನವನವಾದವೆಂದು ಹೇಳಲಾರೆವು. ಎಷ್ಟೋ ಶುಕ್ರವಾರಗಳು ಬರಿಯ ಬೇಸರದಲ್ಲಿ ಕಳೆದವು. ಕೆಲವು ಮಕ್ಕಳು ಪುಸ್ತಕ ಹಿಡಿದು ಮೂಲೆ ಸೇರಿದರು. ಚೌಕಾಬಾರ ಆಡುವಾಗ ಹುಣಸೆ ಬೀಜಕ್ಕಾಗಿ ಜಗಳವಾಯಿತು. ಆದರೆ ಬೇಸರದ ಆ ಮೊದಲ ಅರ್ಧ ಗಂಟೆಯನ್ನು ದಾಟಿದರೆ ಮಾತು ತಾನಾಗಿ ಹುಟ್ಟುತ್ತದೆಂಬುದನ್ನು ಕಲಿತೆವು. ಕತ್ತಲೆಗೆ ಕಣ್ಣು ಹೊಂದಿಕೊಳ್ಳಲು ಹೊತ್ತು ಬೇಕಾಗುವಂತೆ ಮೌನಕ್ಕೆ ಮನಸ್ಸು ಹೊಂದಿಕೊಳ್ಳಲೂ ಹೊತ್ತು ಬೇಕು. ನಾವು ಸಾಮಾನ್ಯವಾಗಿ ಆ ಅರ್ಧ ಗಂಟೆಗೆ ಮೊದಲೇ ದೀಪ ಹಾಕಿಬಿಡುತ್ತೇವೆ.

ಅಜ್ಜಿ ಆ ವರ್ಷದ ಡಿಸೆಂಬರಿನಲ್ಲಿ ಊರಿಗೆ ಮರಳಿದರು. ಹೋಗುವವರೆಗಿನ ಶುಕ್ರವಾರಗಳೆಲ್ಲ ಅವರವೇ ಆಗಿದ್ದವು. 2021ರ ಮೇ ತಿಂಗಳಲ್ಲಿ, ಸೋಂಕಿನ ಎರಡನೆಯ ಅಲೆಯ ದಿನಗಳಲ್ಲಿ ಅವರು ತೀರಿಕೊಂಡರು. ಮಗನಿಗೆ ಹೋಗಲಾಗಲಿಲ್ಲ. ಅಂತ್ಯಕ್ರಿಯೆಯನ್ನು ನಾವೆಲ್ಲ ಅಡುಗೆಮನೆಯ ಅದೇ ಫೋನಿನಲ್ಲಿ ನೋಡಿದೆವು. ಆ ದಿನ ಆ ಯಂತ್ರವಿಲ್ಲದಿದ್ದರೆ ನಮಗೆ ಬೀಳ್ಕೊಡುವ ಭಾಗ್ಯವೂ ಇರುತ್ತಿರಲಿಲ್ಲ. ಈ ಮಾತನ್ನು ನಾವು ಕೃತಜ್ಞತೆಯಿಂದ ಹೇಳುತ್ತೇವೆ. ತೆರೆಯ ಮೇಲೆ ಅವರ ಮನೆಯ ಮುಂಭಾಗ ಕಂಡಾಗ ಮೊಮ್ಮಗಳು ಮೆಲ್ಲಗೆ, “ಅದು ಅಂಗಳ” ಎಂದಳು. ಆ ಒಂದು ಪದ ಅವಳಿಗೆ ಬಂದದ್ದು ಫೋನಿನಿಂದಲ್ಲ.

ಮಿತ್ರರೇ, ನಮ್ಮ ಹಿರಿಯರು ಎಷ್ಟು ಶುಕ್ರವಾರ ನಮ್ಮೊಡನಿರುತ್ತಾರೆಂಬುದಕ್ಕೆ ಲೆಕ್ಕವಿದೆ. ನಮ್ಮ ಮಕ್ಕಳು ಎಷ್ಟು ವರ್ಷ ನಮ್ಮ ಮನೆಯಲ್ಲಿರುತ್ತಾರೆಂಬುದಕ್ಕೂ ಲೆಕ್ಕವಿದೆ. ವಾರಕ್ಕೆ ಮೂರು ಗಂಟೆಯ ಎಲ್ಲೆ ದೊಡ್ಡ ತ್ಯಾಗವೇನಲ್ಲ. ಒಬ್ಬೊಬ್ಬರೇ ಮಾಡಹೊರಟರೆ ಕಷ್ಟ, ನಾಲ್ಕು ಮನೆ ಸೇರಿದರೆ ಸುಲಭ. ಸಂಘವೆಂಬುದು ಇಂತಹ ಕೆಲಸಕ್ಕಲ್ಲದೆ ಇನ್ನಾವುದಕ್ಕೆ? ಇನ್ನು ಸ್ವಲ್ಪ ಹೊತ್ತಿಗೆ ಮಕ್ಕಳ ನೃತ್ಯ ಆರಂಭವಾಗಲಿದೆ. ಚಿತ್ರ ತೆಗೆಯುವ ಕೆಲಸವನ್ನು ಒಬ್ಬರಿಗೆ ವಹಿಸಿ, ಉಳಿದವರು ಬರಿಯ ಕಣ್ಣಿನಿಂದ ನೋಡೋಣ. ವೇದಿಕೆಯ ಮೇಲಿರುವ ಮಗು ಮೊದಲು ಹುಡುಕುವುದು ತಂದೆ ತಾಯಿಯ ಮುಖವನ್ನು. ಅದು ಹುಡುಕುವಾಗ ಮುಖ ಕಾಣುವಂತಿರಲಿ.